ಬ್ರೇಕಿಂಗ್ ಪ್ರಾಕ್ಟೀಸ್‌ಗೆ, ಬ್ಯಾಟಲ್‌ಗೆ ಯಾವ ಮ್ಯೂಸಿಕ್ ಹಾಕುತ್ತೀರಿ? (ಮಂಗಳೂರು-ಉಡುಪಿಯವರು ಹೇಳಿ)

ಸುರತ್ಕಲ್_ಸಿಕ್ಸ್‌ಸ್ಟೆಪ್
ಎಲ್ಲರಿಗೂ ನಮಸ್ಕಾರ. ಸುರತ್ಕಲ್ ಕಡೆ ನಮ್ಮದೊಂದು ಸಣ್ಣ ಬ್ರೇಕಿಂಗ್ (ನೆಲಕ್ಕೆ ಇಳಿದು ತಿರುಗುವ ಹಿಪ್‌ಹಾಪ್ ಡ್ಯಾನ್ಸ್) ಗುಂಪು ಉಂಟು. ಸಂಜೆ ಒಬ್ಬರ ಮನೆ ಟೆರೇಸಿನಲ್ಲಿ, ಶೀಟಿನ ಕೆಳಗೆ ಪ್ರಾಕ್ಟೀಸ್. ಮಳೆ ಜೋರಾದರೆ ಶೀಟಿನ ಸದ್ದಿಗೆ ಸ್ಪೀಕರೇ ಕೇಳುವುದಿಲ್ಲ, ಅದು ಬೇರೆ ಕಥೆ.

ಈಗ ನಮ್ಮಲ್ಲಿ ಜಗಳ ನಡೆಯುತ್ತಿರುವುದು ಸ್ಟೆಪ್ಪಿಗಲ್ಲ, ಹಾಡಿಗೆ. ಒಬ್ಬನಿಗೆ ಹಳೆ ಫಂಕ್ (1970ರ ಆಸುಪಾಸಿನ ಅಮೆರಿಕದ ಡ್ರಮ್-ಬಾಸ್ ಜೋರಿನ ಹಾಡು) ಬಿಟ್ಟರೆ ಬೇರೆ ಯಾವುದೂ ಆಗುವುದಿಲ್ಲ. ಇನ್ನೊಬ್ಬ ಟ್ರ್ಯಾಪ್ (ಈಗಿನ ಹಿಪ್‌ಹಾಪ್ ಹಾಡಿನ ಒಂದು ಬಗೆ) ಹಾಕುತ್ತಾನೆ, ಫಂಕ್ ಎಲ್ಲ ಅಜ್ಜಂದಿರ ಕಾಲದ್ದು ಎನ್ನುತ್ತಾನೆ. ಮತ್ತೊಬ್ಬಳು ಸಿನಿಮಾ ಹಾಡಿಗೇ ಚೆನ್ನಾಗಿ ಮಾಡುತ್ತಾಳೆ. ಕೊನೆಗೆ ಯಾರ ಫೋನ್ ಸ್ಪೀಕರ್‌ಗೆ ಕನೆಕ್ಟ್ ಆಗಿದೆಯೋ ಅವರದ್ದೇ ರಾಜ್ಯ.

ಮಳೆಗಾಲ ಕಳೆದ ಮೇಲೆ ಒಂದು ಜಾಮ್ ಇಡುವ ಅಂದಾಜು ಉಂಟು. ದೊಡ್ಡದೇನಲ್ಲ, ಒಬ್ಬರಿಗೊಬ್ಬರು ಬ್ಯಾಟಲ್, ನಮ್ಮ ಎರಡು ಜಿಲ್ಲೆಯವರಿಗೆ ಮಾತ್ರ. ಮದುವೆಗಳಲ್ಲಿ ಡಿಜೆ ಮಾಡುವ ಫ್ರೆಂಡ್ ಒಬ್ಬ ಬರುತ್ತೇನೆ ಎಂದಿದ್ದಾನೆ. ಹಾಗಾಗಿ ಕೇಳುವುದು ಇಷ್ಟು. ಪ್ರಾಕ್ಟೀಸ್‌ಗೆ ನೀವು ಎಂತ ಹಾಕುತ್ತೀರಿ? ಬ್ಯಾಟಲ್‌ನ ಹಾಡುಗಳನ್ನು ಮೊದಲೇ ಹೇಳಬೇಕಾ, ಬೇಡವಾ? ಮತ್ತೆ ಫೈನಲ್‌ಗೆ ಹುಲಿವೇಷಕ್ಕೆ ಬಾರಿಸುವ ತಾಸೆ ವಾದ್ಯ ಹಾಕಿದರೆ ಹೇಗೆ?

ಕದ್ರಿ_ಕಾಲು
ಫಂಕ್. ಮಾತು ಮುಗಿಯಿತು.

ಟ್ರ್ಯಾಪ್‌ತಮ್ಮ
ಎಲ್ಲಿ ಮುಗಿಯಿತು ಮಾರಾಯ? 2025 ಕಳೆದರೂ ನೀವು 1970ರ ಹಾಡು ಹಾಕಿಕೊಂಡು ಕೂತಿದ್ದೀರಿ. ನೋಡಲು ಬರುವವರಿಗೆ ಗೊತ್ತಿರುವ ಹಾಡು ಬೇಡವಾ? ಫಂಕ್ ಹಾಕಿದರೆ ಜನ ಫೋನ್ ತೆಗೆದು ರೀಲ್ಸ್ ನೋಡುತ್ತಾ ಕೂರುತ್ತಾರೆ.

ಕದ್ರಿ_ಕಾಲು
ಜನ ನೋಡಬೇಕಾದ್ದು ನಿನ್ನ ಕಾಲನ್ನು. ಹಾಡು ಗುರುತು ಹಿಡಿಯುವುದಕ್ಕಾದರೆ ಆರ್ಕೆಸ್ಟ್ರಾಕ್ಕೆ ಹೋಗಲಿ.

ಹಳೇ_ಕ್ಯಾಸೆಟ್
ಜಗಳ ಮಾಡುವ ಮೊದಲು ಫಂಕ್ ಯಾಕೆ ಬಂತು ಎಂದು ನೋಡಿ. ಸುಮ್ನೆ ಯಾರೋ ಹಿರಿಯರು ಹೇಳಿದರು ಎಂದು ಬಂದದ್ದಲ್ಲ ಅದು.

1973ರ ಆಗಸ್ಟ್ 11. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, 1520 ಸೆಡ್ಜ್‌ವಿಕ್ ಅವೆನ್ಯೂ ಎನ್ನುವ ಕಟ್ಟಡದಲ್ಲಿ ಒಂದು ಪಾರ್ಟಿ. ತಂಗಿ ಶಾಲೆಗೆ ಬಟ್ಟೆ ತೆಗೆಯಲು ದುಡ್ಡು ಮಾಡುವುದಕ್ಕೆ ಇಟ್ಟದ್ದು, ಅಣ್ಣ ರೆಕಾರ್ಡ್ ಹಾಕುವವನು. ಆ ಅಣ್ಣನೇ ಡಿಜೆ ಕೂಲ್ ಹರ್ಕ್, ಜಮೈಕಾದಲ್ಲಿ ಹುಟ್ಟಿದವ. ಅವನು ಒಂದು ವಿಷಯ ಗಮನಿಸಿದ್ದ. ಹಾಡು ಪೂರ್ತಿ ಓಡುವಾಗ ಕೆಲವರು ಗೋಡೆಗೆ ಒರಗಿ ನಿಂತಿರುತ್ತಾರೆ. ಹಾಡುಗಾರ ನಿಂತು, ಗಿಟಾರು ನಿಂತು, ಡ್ರಮ್ ಒಂದೇ ಉಳಿಯುವ ತುಂಡು ಬಂದ ಕೂಡಲೇ ಅವರು ನೆಲಕ್ಕೆ ಇಳಿಯುತ್ತಾರೆ. ಆ ತುಂಡಿಗೇ ಬ್ರೇಕ್ ಎನ್ನುವುದು. ಅದು ಇರುವುದು ಕೆಲವು ಸೆಕೆಂಡ್ ಮಾತ್ರ. ಹರ್ಕ್ ಒಂದೇ ರೆಕಾರ್ಡಿನ ಎರಡು ಪ್ರತಿ ತಂದು ಎರಡು ಟರ್ನ್‌ಟೇಬಲ್ ಮೇಲೆ ಇಟ್ಟ. ಒಂದರಲ್ಲಿ ಬ್ರೇಕ್ ಮುಗಿಯುವಾಗ ಇನ್ನೊಂದರಲ್ಲಿ ಅದೇ ಬ್ರೇಕ್ ಮೊದಲಿನಿಂದ. ಹೀಗೆ ಎಷ್ಟು ಹೊತ್ತು ಬೇಕಾದರೂ ಎಳೆಯಬಹುದು.

ಅಂದರೆ ಈ ಡ್ಯಾನ್ಸ್ ಹುಟ್ಟಿದ್ದೇ ಆ ಡ್ರಮ್ಮಿನ ಮೇಲೆ. ಫಂಕ್ ಹಳತು ಎನ್ನುವುದಕ್ಕಿಂತ, ಕೈಯಿಂದ ಬಾರಿಸಿದ ಡ್ರಮ್ ಎನ್ನುವುದು ಮುಖ್ಯ. ಮನುಷ್ಯ ಬಾರಿಸಿದ್ದು ಒಂದು ಕೂದಲೆಳೆ ಹಿಂದೆ ಮುಂದೆ ಇರುತ್ತದೆ. ಕಾಲಿಗೆ ಬೇಕಾದ್ದು ಅದೇ.

ಟ್ರ್ಯಾಪ್‌ತಮ್ಮ
ಕಥೆ ಒಳ್ಳೆದುಂಟು. ಆದರೆ ಎಲ್ಲರೂ ಅದೇ ನಾಲ್ಕು ಹಾಡು ಹಾಕುತ್ತಾರಲ್ಲ ಅಣ್ಣ? ಜೇಮ್ಸ್ ಬ್ರೌನ್‌ನ ಅಪಾಚೆ ಕೇಳಿ ಕೇಳಿ ಕಿವಿ ತೂತಾಗಿದೆ.

ಹಳೇ_ಕ್ಯಾಸೆಟ್
ಅಪಾಚೆ ಜೇಮ್ಸ್ ಬ್ರೌನ್‌ನದ್ದಲ್ಲ. ನಾವೆಲ್ಲ ಕೇಳುವುದು ಇನ್‌ಕ್ರೆಡಿಬಲ್ ಬೋಂಗೋ ಬ್ಯಾಂಡ್ 1973ರಲ್ಲಿ ಮಾಡಿದ್ದು. ಅದಕ್ಕೂ ಮೊದಲು 1960ರಲ್ಲಿ ಬ್ರಿಟನ್ನಿನ ದಿ ಶಾಡೋಸ್ ಅದನ್ನು ಗಿಟಾರಿನಲ್ಲಿ ನುಡಿಸಿದ್ದರು. ಅದಕ್ಕೆ ಯಾರೂ ತಲೆ ನೆಲಕ್ಕೆ ಊರಲಿಲ್ಲ. ಟ್ಯೂನ್ ಅದೇ. ಬೋಂಗೋ ಮತ್ತು ಡ್ರಮ್ಮಿನ ಆ ಉದ್ದದ ತುಂಡು ಸೇರಿದ ಮೇಲೆ ಅದು ಬಿಬಾಯ್‌ಗಳ (ಬ್ರೇಕಿಂಗ್ ಮಾಡುವ ಹುಡುಗರ) ಹಾಡಾಯಿತು.

ಜೇಮ್ಸ್ ಬ್ರೌನ್ ಬೇಕಾದರೆ ‘ಗಿವ್ ಇಟ್ ಅಪ್ ಆರ್ ಟರ್ನ್‌ಇಟ್ ಅ ಲೂಸ್’ ಕೇಳು. ಜಿಮ್ಮಿ ಕ್ಯಾಸ್ಟರ್ ಬಂಚ್‌ನ ‘ಇಟ್ಸ್ ಜಸ್ಟ್ ಬಿಗನ್’ (1972) ಕೇಳು. ಬೇಬ್ ರೂತ್ ಎನ್ನುವ ಬ್ರಿಟಿಷ್ ರಾಕ್ ಬ್ಯಾಂಡಿನ ‘ದಿ ಮೆಕ್ಸಿಕನ್’ ಕೇಳು, ಅದು ಫಂಕೇ ಅಲ್ಲ, ಆದರೂ ಬ್ರಾಂಕ್ಸ್‌ನಲ್ಲಿ ಓಡಿತು. ಆ ಡಿಜೆಗಳು ಹಾಡಿನ ಜಾತಿ ನೋಡಲಿಲ್ಲ, ಬ್ರೇಕ್ ಉಂಟಾ ಎಂದು ಮಾತ್ರ ನೋಡಿದರು.

ಮಲ್ಪೆ_ವಿಂಡ್‌ಮಿಲ್
ನಾನು ಒಂದು ಮಾತು ಹೇಳಿದರೆ ಬೈಯಬೇಡಿ. ಮೂವ್ ಗಟ್ಟಿ ಇದ್ದರೆ ಮ್ಯೂಸಿಕ್ ಯಾವುದಾದರೇನು? ಬೆನ್ನ ಮೇಲೆ ಕಾಲು ಬೀಸಿ ತಿರುಗುವ ವಿಂಡ್‌ಮಿಲ್ ಹೊಡೆಯುವಾಗ ನನಗೆ ಏನೂ ಕೇಳುವುದಿಲ್ಲ.

ಅಜ್ಜರಕಾಡು_ಬಿಗರ್ಲ್
ಅದು ನಿಮ್ಮ ವಿಂಡ್‌ಮಿಲ್ ನೋಡಿದರೆ ಗೊತ್ತಾಗುತ್ತದೆ ಅಣ್ಣ 😄

ಮಲ್ಪೆ_ವಿಂಡ್‌ಮಿಲ್
ಹೋಗು ಮಾರಾಯ್ತಿ.

ಅಜ್ಜರಕಾಡು_ಬಿಗರ್ಲ್
ತಮಾಷೆ ಬಿಡಿ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 2024ರ ಆಗಸ್ಟ್ 9 ಮತ್ತು 10ರಂದು ಬ್ರೇಕಿಂಗ್ ಇತ್ತಲ್ಲ, ಅಲ್ಲಿ ತೀರ್ಪಿಗೆ ಐದು ವಿಷಯ ಇಟ್ಟಿದ್ದರು. ಟೆಕ್ನಿಕ್, ಮೂವ್‌ಗಳ ವೈವಿಧ್ಯ, ಎಷ್ಟು ಸ್ವಚ್ಛವಾಗಿ ಮಾಡಿದಿರಿ, ಮ್ಯೂಸಿಕಾಲಿಟಿ (ಹಾಡಿಗೆ ಹೊಂದಿಕೊಂಡು ಆಡುವುದು), ಸ್ವಂತಿಕೆ. ಐದಕ್ಕೂ ಸಮ ತೂಕ. ಮ್ಯೂಸಿಕ್ ಕೇಳದೆ ಇಳಿದರೆ ಐದರಲ್ಲಿ ಒಂದು ಪಾಲು ಮನೆಯಲ್ಲೇ ಬಿಟ್ಟು ಬಂದ ಹಾಗೆ.

ಯಾವ ಹಾಡು ಬರುತ್ತದೆ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಡಿಜೆ ಹಾಕಿದ್ದಕ್ಕೆ ಆಡಬೇಕು, ಅಷ್ಟೇ. ಜಪಾನಿನ ಆಮಿ, ಕೆನಡಾದ ಫಿಲ್ ವಿಜಾರ್ಡ್ ಇಬ್ಬರೂ ಚಿನ್ನ ಗೆದ್ದದ್ದು ಹಾಗೆಯೇ. ಆಮಿಯ ರೌಂಡ್‌ಗಳನ್ನು ಸೌಂಡ್ ಮ್ಯೂಟ್ ಮಾಡಿ ಒಮ್ಮೆ ನೋಡಿ, ಆಮೇಲೆ ಸೌಂಡ್ ಹಾಕಿ ನೋಡಿ. ನಾನು ಹೇಳುವುದು ತಲೆಗೆ ಹೋಗುತ್ತದೆ.

ಹಾಗಾಗಿ ನನ್ನ ಉತ್ತರ: ಬ್ಯಾಟಲ್‌ಗೆ ಹಾಡು ಮೊದಲೇ ಹೇಳಲೇಬೇಡಿ. ಹೇಳಿದರೆ ಅದು ಕಾಲೇಜ್ ಡೇ ಡ್ಯಾನ್ಸ್ ಆಗುತ್ತದೆ.

ಬೆಜೈ_ಬಾಸ್
ಒಲಿಂಪಿಕ್ಸ್ ಎಂದರೆ ನನಗೆ ಆ ಆಸ್ಟ್ರೇಲಿಯಾದವರು ಕಾಂಗರೂ ಹಾಗೆ ಹಾರಿದ್ದೇ ನೆನಪು 😂

ಟ್ರ್ಯಾಪ್‌ತಮ್ಮ
ನನ್ನ ಅಮ್ಮ ಈಗಲೂ ಅದನ್ನೇ ತೋರಿಸಿ ‘ಇದಾ ನೀನು ಮಾಡುವುದು’ ಎಂದು ಕೇಳುತ್ತಾರೆ.

ಕದ್ರಿ_ಕಾಲು
ಅದನ್ನು ನೋಡಿಯೇ 2028ರ ಲಾಸ್ ಏಂಜಲೀಸ್‌ನಿಂದ ಬ್ರೇಕಿಂಗ್ ತೆಗೆದುಹಾಕಿದ್ದು.

ಅಜ್ಜರಕಾಡು_ಬಿಗರ್ಲ್
ಅಲ್ಲ. ಲಾಸ್ ಏಂಜಲೀಸ್ ಪಟ್ಟಿಗೆ ಬ್ರೇಕಿಂಗ್ ಸೇರಿಲ್ಲ ಎನ್ನುವುದು 2023ರಲ್ಲೇ ಆಗಿತ್ತು, ಪ್ಯಾರಿಸ್ ಶುರುವಾಗುವ ಮೊದಲೇ. ಪಾಪ ಅವರ ತಲೆಗೆ ಅದನ್ನೂ ಕಟ್ಟಬೇಡಿ.

ವೇದಿಕೆ_ಕಾವಲು
ವಿಷಯಕ್ಕೆ ಬನ್ನಿ. ಮ್ಯೂಸಿಕ್.

ಹಾಸ್ಟೆಲ್_ರೂಮ್‌ಮೇಟ್
ಮಣಿಪಾಲದಿಂದ. ಬಿಗರ್ಲ್ ಅಕ್ಕ ಹೇಳಿದ್ದು ಸರಿ, ಆದರೆ ಪ್ರಾಕ್ಟೀಸ್‌ಗೆ ಏನು ಮಾಡುವುದು? ನಾವು ಒಂದೇ ಪ್ಲೇಲಿಸ್ಟ್ ಹಾಕುತ್ತೇವೆ. ಈಗ ಟ್ರಂಪೆಟ್ ಬರುತ್ತದೆ, ಈಗ ಡ್ರಮ್ ನಿಲ್ಲುತ್ತದೆ ಎನ್ನುವುದೆಲ್ಲ ಬಾಯಿಪಾಠ ಆಗಿದೆ. ಫ್ರೀಜ್ (ತಟ್ಟನೆ ಒಂದು ಭಂಗಿಯಲ್ಲಿ ನಿಲ್ಲುವುದು) ಸರಿಯಾಗಿ ಬೀಳುತ್ತದೆ, ಆದರೆ ಹಾಡು ಬದಲಾದರೆ ಎಲ್ಲ ಢಮಾರ್.

ಅಜ್ಜರಕಾಡು_ಬಿಗರ್ಲ್
ನಾವು ಮಾಡುವುದು ಹೇಳುತ್ತೇನೆ, ಬೇಕಾದರೆ ತೆಗೆದುಕೊಳ್ಳಿ.

ಫೋನ್ ಹಿಡಿಯುವುದು ಒಬ್ಬರೇ, ಅವರು ಆ ದಿನ ಡ್ಯಾನ್ಸ್ ಮಾಡುವುದಿಲ್ಲ. ಉಳಿದವರಿಗೆ ಸ್ಕ್ರೀನ್ ತೋರಿಸಬಾರದು. ಹಾಡು ಶುರುವಿನಿಂದ ಹಾಕುವುದಿಲ್ಲ, ನಡುವೆ ಎಲ್ಲಿಂದಾದರೂ ಹಾಕುವುದು. ಮೊದಲ ಎಂಟು ಎಣಿಕೆ ಯಾರೂ ಒಳಗೆ ಹೋಗಬಾರದು, ನಿಂತು ಕೇಳಬೇಕು. ಇದು ಎಲ್ಲದಕ್ಕಿಂತ ಕಷ್ಟ. ಹುಡುಗರಿಗೆ ಸರ್ಕಲ್ ಖಾಲಿ ಕಂಡರೆ ತಡೆಯುವುದೇ ಇಲ್ಲ, ಓಡಿ ಹೋಗಿ ತಲೆ ಊರುತ್ತಾರೆ.

ಆಮೇಲೆ ಒಂದೊಂದು ರೌಂಡ್ ಒಂದೊಂದು ವಾದ್ಯಕ್ಕೆ. ಈ ಸಲ ಬಾಸ್ ಗಿಟಾರಿಗೆ ಮಾತ್ರ ಟಾಪ್‌ರಾಕ್, ಅಂದರೆ ನಿಂತು ಹಾಕುವ ಹೆಜ್ಜೆ. ಮುಂದಿನ ಸಲ ಹೈಹ್ಯಾಟಿಗೆ (ಡ್ರಮ್ ಸೆಟ್ಟಿನ ಜೋಡಿ ತಾಳ) ಮಾತ್ರ ಫುಟ್‌ವರ್ಕ್, ಅಂದರೆ ಕೈ ನೆಲಕ್ಕೆ ಊರಿ ಹಾಕುವ ಹೆಜ್ಜೆ. ಸ್ನೇರ್ ಡ್ರಮ್ಮಿನ ಪೆಟ್ಟು ಬೀಳುವುದು ಎರಡು ಮತ್ತು ನಾಲ್ಕಕ್ಕೆ, ಮೊದಲು ಅದಕ್ಕೆ ಚಪ್ಪಾಳೆ ತಟ್ಟಿ ನೋಡಿ. ಒಂದು ಮತ್ತು ಮೂರಕ್ಕೆ ತಟ್ಟುವವರು ಅರ್ಧದಷ್ಟು ಇರುತ್ತಾರೆ, ಅವರ ಸಿಕ್ಸ್‌ಸ್ಟೆಪ್ ಯಾಕೆ ಎಳೆದ ಹಾಗೆ ಕಾಣುತ್ತದೆ ಎಂದು ಆಗ ಗೊತ್ತಾಗುತ್ತದೆ. ಸಿಕ್ಸ್‌ಸ್ಟೆಪ್ ಆರು ಹೆಜ್ಜೆ, ಹಾಡು ಎಂಟರ ಲೆಕ್ಕ. ಎರಡು ಹೆಜ್ಜೆ ಎಲ್ಲಿ ಸೇರಿಸುತ್ತೀರಿ, ಅಥವಾ ಆರು ಸುತ್ತುತ್ತಾ ಹೋಗಿ ಎಲ್ಲಿ ಹಿಡಿಯುತ್ತೀರಿ ಎನ್ನುವುದರಲ್ಲೇ ನಿಮ್ಮ ಗುರುತು ಇರುವುದು.

ವೇಗದ ಬಗ್ಗೆ: ಹೊಸದಾಗಿ ಫುಟ್‌ವರ್ಕ್ ಕಲಿಯುವವರಿಗೆ ನಿಮಿಷಕ್ಕೆ ನೂರರ ಆಸುಪಾಸಿನ ಬೀಟ್ ಸಾಕು. ಬ್ಯಾಟಲ್‌ನಲ್ಲಿ ಸಾಮಾನ್ಯವಾಗಿ 110ರಿಂದ 130ರ ಒಳಗೆ ಓಡುತ್ತದೆ. ವಾರಕ್ಕೊಮ್ಮೆ ಆ ವೇಗದಲ್ಲಿ ಉಸಿರು ಕಟ್ಟುವ ತನಕ ರೌಂಡ್ ಮಾಡಿ. ಉಸಿರು ಹೋದ ಮೇಲೆಯೂ ಕಿವಿ ಕೆಲಸ ಮಾಡುತ್ತದಾ ನೋಡುವುದೇ ಉದ್ದೇಶ.

ಕೊನೆಗೆ ಪವರ್‌ಮೂವ್‌ನವರಿಗೆ (ಇಡೀ ಮೈ ತಿರುಗಿಸುವ ಮೂವ್‌ಗಳು): ಕೈ ಮೇಲೆ ಹಾರಿ ತಿರುಗುವ ಏರ್‌ಫ್ಲೇರ್ ಬೀಟಿಗೆ ಸರಿಯಾಗಿ ಕೂರುವುದು ಎಲ್ಲರಿಗೂ ಆಗುವುದಲ್ಲ. ಆದರೆ ಹತ್ತುವ ಜಾಗ ಮತ್ತು ಇಳಿಯುವ ಜಾಗ ನಿಮ್ಮ ಕೈಯಲ್ಲಿ ಉಂಟು. ಡ್ರಮ್ಮಿನ ಕ್ರ್ಯಾಶ್ ತಾಳ ಬಿದ್ದಾಗ ಫ್ರೀಜ್ ಬಿದ್ದರೆ ನಡುವಿನ ಸಣ್ಣ ಪುಟ್ಟ ತಪ್ಪು ಯಾರಿಗೂ ಕಾಣುವುದಿಲ್ಲ.

ಮಲ್ಪೆ_ವಿಂಡ್‌ಮಿಲ್
ಈ ಕೊನೆಯ ಸಾಲು ಮೊದಲೇ ಹೇಳಬಾರದಿತ್ತಾ.

ಸುರತ್ಕಲ್_ಸಿಕ್ಸ್‌ಸ್ಟೆಪ್
ಅಕ್ಕ, ಭಾರೀ ಉಪಕಾರ ಆಯಿತು. ಗುಂಪಿನಲ್ಲಿ ಹಾಕಿದ್ದೇನೆ. ಫೋನ್ ಹಿಡಿಯುವವರು ಡ್ಯಾನ್ಸ್ ಮಾಡಬಾರದು ಎಂದ ಕೂಡಲೇ ಎಲ್ಲರೂ ಫೋನ್ ಕೆಳಗಿಟ್ಟರು.

ಟ್ರ್ಯಾಪ್‌ತಮ್ಮ
ಸರಿ, ಆದರೆ ಟ್ರ್ಯಾಪ್ ಯಾಕೆ ಆಗುವುದಿಲ್ಲ ಎಂದು ಇನ್ನೂ ಯಾರೂ ಹೇಳಲಿಲ್ಲ. 140 ಬಿಪಿಎಂ (ನಿಮಿಷಕ್ಕೆ ಇಷ್ಟು ಬೀಟ್) ಉಂಟು, ವೇಗ ಸಾಲದಾ?

ಕನ್ಸೋಲ್_ಕಂಕನಾಡಿ
ನಾನು ಡಿಜೆ, ನಾನು ಹೇಳುತ್ತೇನೆ. ಸ್ಕ್ರೀನಿನಲ್ಲಿ 140 ಕಾಣುತ್ತದೆ, ಆದರೆ ಸ್ನೇರ್ ಬೀಳುವುದು ಅರ್ಧ ಲೆಕ್ಕದಲ್ಲಿ. ಹಾಗಾಗಿ ಮೈಗೆ ಅದು 70ರ ಹಾಗೆ ಕೇಳುತ್ತದೆ. 70ಕ್ಕೆ ಫುಟ್‌ವರ್ಕ್ ಮಾಡಿದರೆ ನಿದ್ದೆ ಬರುತ್ತದೆ. 140ಕ್ಕೆ ಮಾಡುತ್ತೇನೆ ಎಂದರೆ ಹೈಹ್ಯಾಟ್ ಮಾತ್ರ ಸಿಗುತ್ತದೆ, ಅದು ಗಿರ್ರ್ ಎಂದು ಓಡುತ್ತಾ ಇರುತ್ತದೆ, ಹಿಡಿಯಲು ಏನೂ ಇಲ್ಲ. ಪಾಪಿಂಗ್, ಕ್ರಂಪ್ ಎನ್ನುವ ಬೇರೆ ಡ್ಯಾನ್ಸ್‌ನವರಿಗೆ ಅದರಲ್ಲಿ ಜಾಗ ಉಂಟು. ಬ್ರೇಕಿಂಗ್‌ಗೆ ಕಡಿಮೆ. ಆಗುವುದೇ ಇಲ್ಲ ಎಂದಲ್ಲ, ಇಡೀ ಸಂಜೆ ಅದನ್ನೇ ಹಾಕಿದರೆ ಎಲ್ಲರೂ ಫ್ರೀಜ್‌ನಿಂದ ಫ್ರೀಜ್‌ಗೆ ಹಾರುತ್ತಾ ಇರುತ್ತಾರೆ.

ಸಿನಿಮಾ ಹಾಡಿನ ತೊಂದರೆ ಬೇರೆ. ಅಲ್ಲಿ ಹಾಡುವವರು ಎಲ್ಲಾ ಜಾಗ ತುಂಬಿಬಿಡುತ್ತಾರೆ, ನಿಮಗೆ ಉಳಿಸುವುದಿಲ್ಲ. ಆದರೆ ಎರಡು ಚರಣದ ನಡುವಿನ ಮ್ಯೂಸಿಕ್‌ನಲ್ಲಿ ಕೆಲವೊಮ್ಮೆ ಒಳ್ಳೆ ಡ್ರಮ್ ತುಂಡು ಸಿಗುತ್ತದೆ. ಅದನ್ನು ಮಾತ್ರ ಕತ್ತರಿಸಿ ಲೂಪ್ ಮಾಡಿ. 80ರ ದಶಕದ ಕನ್ನಡ, ತಮಿಳು, ಹಿಂದಿ ಹಾಡುಗಳಲ್ಲಿ ಹುಡುಕಿದರೆ ಸಿಗುತ್ತದೆ. ಹರ್ಕ್ ಮಾಡಿದ್ದೂ ಅದೇ ತಾನೆ.

ನಿವೃತ್ತ_ಮೇಷ್ಟ್ರು
ನಮ್ಮ ಕಾಲದಲ್ಲಿ ಮೈಕಲ್ ಜಾಕ್ಸನ್ ಮೂನ್‌ವಾಕ್ ನೋಡಿ ನಾವೂ ಬ್ರೇಕ್‌ಡ್ಯಾನ್ಸ್ ಮಾಡಿದವರೇ. ಇಷ್ಟೆಲ್ಲ ಲೆಕ್ಕ ಇರಲಿಲ್ಲ.

ಹಳೇ_ಕ್ಯಾಸೆಟ್
ಮೇಷ್ಟ್ರೇ, ಮೂನ್‌ವಾಕ್ ಬ್ರೇಕಿಂಗ್ ಅಲ್ಲ. ಅದು ಪಾಪಿಂಗ್‌ನವರ ಬ್ಯಾಕ್‌ಸ್ಲೈಡ್. ಪಾಪಿಂಗ್, ಲಾಕಿಂಗ್ ಎರಡೂ ಅಮೆರಿಕದ ಇನ್ನೊಂದು ತುದಿಯಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಬೆಳೆದವು. 1983ರಲ್ಲಿ ಜಾಕ್ಸನ್ ಟಿವಿಯಲ್ಲಿ ಮೂನ್‌ವಾಕ್ ಮಾಡಿದ ಮೇಲೆ ಎಲ್ಲವೂ ಸೇರಿ ನಮ್ಮಲ್ಲಿ ಬ್ರೇಕ್‌ಡ್ಯಾನ್ಸ್ ಎಂದು ಆಯಿತು. ಸಿನಿಮಾದವರೂ ಹಾಗೇ ಕರೆದರು. ತಪ್ಪು ನಿಮ್ಮದಲ್ಲ.

ನಿವೃತ್ತ_ಮೇಷ್ಟ್ರು
ಹೌದಾ. ಹಾಗಾದರೆ ನಾನು ಪಾಪಿಂಗ್‌ನವನು. ಮನೆಯಲ್ಲಿ ಹೇಳುತ್ತೇನೆ.

ಧಿಗಿಣ
ಫೈನಲ್‌ಗೆ ತಾಸೆ ಯಾಕೆ, ಚೆಂಡೆ ಹಾಕಿ. ನಾನು ಯಕ್ಷಗಾನದ ತೆಂಕುತಿಟ್ಟಿನ ಹೆಜ್ಜೆ ಕಲಿತವನು, ಬ್ರೇಕಿಂಗ್ ನೋಡುವುದು ಮಾತ್ರ. ಬ್ರೇಕ್ ಎಂದು ಕ್ಯಾಸೆಟ್ ಅಣ್ಣ ವಿವರಿಸಿದ್ದು ಓದಿ ನಗು ಬಂತು. ಭಾಗವತರು ಪದ್ಯ ಮುಗಿಸಿ ಬಿಟ್ಟುಕೊಟ್ಟ ಮೇಲೆ ಚೆಂಡೆ ಮದ್ದಳೆಯವರು ಬಿಡ್ತಿಗೆ ಬಾರಿಸುತ್ತಾರಲ್ಲ, ವೇಷದವರು ಕುಣಿಯುವುದು ಆಗಲೇ. ಧಿಗಿಣ (ಹಾರಿ ಸುತ್ತುವುದು) ಹೊಡೆಯುವವರು ಸುತ್ತು ಎಣಿಸುವುದಿಲ್ಲ, ಚೆಂಡೆಯ ಪೆಟ್ಟು ಎಲ್ಲಿ ಮುಗಿಯುತ್ತದೆ ಎಂದು ಕೇಳುತ್ತಾರೆ. ಒಂದು ಪೆಟ್ಟು ಆಚೆ ಈಚೆ ಆದರೆ ಸಭೆಯಲ್ಲಿ ಕೂತ ಅಜ್ಜನಿಗೂ ಗೊತ್ತಾಗುತ್ತದೆ.

ಕನ್ಸೋಲ್_ಕಂಕನಾಡಿ
ಸಂಗತಿ ಒಳ್ಳೆಯದೇ, ಆದರೆ ತಾಳ ನೋಡಿಕೊಳ್ಳಬೇಕು. ಏಕತಾಳ ಆದರೆ ನಾಲ್ಕರ ಲೆಕ್ಕ, ಬಿಬಾಯ್‌ಗಳಿಗೆ ತೊಂದರೆ ಇಲ್ಲ. ಝಂಪೆ ಹಾಕಿದರೆ ಐದರ ನಡೆ, ಎಂಟು ಎಣಿಸಿ ಅಭ್ಯಾಸ ಆದವರು ಬಾಯಿ ಬಿಟ್ಟು ನಿಲ್ಲುತ್ತಾರೆ.

ಅಜ್ಜರಕಾಡು_ಬಿಗರ್ಲ್
ಫೈನಲ್‌ನಲ್ಲಿ ಝಂಪೆ ಹಾಕಿ. ನಾನು ನೋಡಬೇಕು.

ಕದ್ರಿ_ಕಾಲು
ಬ್ಯಾಟಲ್‌ಗೆ ನ್ಯಾಯ ಎಂಬುದೊಂದು ಇರಲಿ. ಯಕ್ಷಗಾನ ಕಲಿತವನಿಗೆ ಲಾಭ, ಉಳಿದವನಿಗೆ ನಷ್ಟ.

ಧಿಗಿಣ
ಫಂಕ್ ಹಾಕಿದರೆ ಫಂಕ್ ಕೇಳಿ ಬೆಳೆದವನಿಗೆ ಲಾಭ ಅಲ್ವಾ? ಅದು ನ್ಯಾಯವಾ?

ಕದ್ರಿ_ಕಾಲು
...

ಬೆಜೈ_ಬಾಸ್
ಕದ್ರಿಯವರು ಟೈಪ್ ಮಾಡುತ್ತಲೇ ಇದ್ದಾರೆ.

ಪಿಲಿ_ತಾಸೆ
ತಾಸೆ ಎಂದ ಮೇಲೆ ನಾನು ಮಾತಾಡಲೇಬೇಕು. ನವರಾತ್ರಿಗೆ ನಮ್ಮ ಏರಿಯಾದ ಹುಲಿ ತಂಡಕ್ಕೆ ತಾಸೆ ಬಾರಿಸುವವರಲ್ಲಿ ನಾನೂ ಒಬ್ಬ.

ಮೊದಲನೆಯದು, ರೆಕಾರ್ಡ್ ಮಾಡಿದ ತಾಸೆ ಹಾಕಬೇಡಿ. ತಾಸೆ ಎಂದರೆ ಚರ್ಮದ ಸದ್ದು. ಬಾರಿಸುವ ಮೊದಲು ನಾವು ಕಾಗದ, ಗರಿ ಏನಾದರೂ ಸುಟ್ಟು ಅದರ ಮೇಲೆ ತಾಸೆಯ ಮುಖ ಹಿಡಿದು ಕಾಯಿಸುತ್ತೇವೆ. ಬೆರಳಲ್ಲಿ ತಟ್ಟಿ ನೋಡುತ್ತೇವೆ. ಸದ್ದು ಡಬಡಬ ಇದ್ದದ್ದು ಟಣ್ ಎನ್ನುವ ತನಕ ಬಿಡುವುದಿಲ್ಲ. ಸ್ವಲ್ಪ ಹೊತ್ತು ಬಾರಿಸಿದರೆ ನಮ್ಮ ಊರಿನ ತೇವಕ್ಕೆ ಮತ್ತೆ ಇಳಿಯುತ್ತದೆ, ಮತ್ತೆ ಬೆಂಕಿ. ಆ ಸದ್ದು ಫೋನಿನಲ್ಲಿ ರೆಕಾರ್ಡ್ ಮಾಡಿದರೆ ಡಬ್ಬಕ್ಕೆ ಕಲ್ಲು ಹಾಕಿ ಕುಲುಕಿದ ಹಾಗೆ ಕೇಳುತ್ತದೆ. ಅದನ್ನು ಡಿಜೆ ಬಾಕ್ಸಿನಲ್ಲಿ ಜೋರು ಮಾಡಿದರೆ ಕಿವಿ ಹರಿಯುತ್ತದೆ, ಕೆಳಗಿನ ಡೋಲಿನ ಸದ್ದು ಇಲ್ಲವೇ ಇಲ್ಲ.

ಎರಡನೆಯದು, ನಾವು ಹುಲಿಯ ಕಾಲು ನೋಡಿ ಬಾರಿಸುವವರು. ಹುಲಿ ಬಗ್ಗಿದರೆ ಪೆಟ್ಟು ಸಣ್ಣ ಮಾಡುತ್ತೇವೆ. ಹುಲ್ಲಲ್ಲಿ ಕಟ್ಟಿದ ಅಕ್ಕಿ ಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ಎತ್ತುವಾಗ ಏರಿಸುತ್ತಾ ಹೋಗುತ್ತೇವೆ, ಹಿಂದಕ್ಕೆ ಎಸೆದ ಕೂಡಲೇ ಹೊಡೆತ. ನಿಮ್ಮ ಡಿಜೆ ಹಾಕುವ ಹಾಡಿಗೆ ನೀವು ಡ್ಯಾನ್ಸ್ ಮಾಡುತ್ತೀರಿ, ಇಲ್ಲಿ ಎರಡೂ ಕಡೆಯಿಂದ ನಡೆಯುತ್ತದೆ. ಲೈವ್ ಆಗಿ ಕರೆದರೆ ನಿಮ್ಮ ಫ್ರೀಜ್‌ಗೆ ನಾವೇ ಪೆಟ್ಟು ಕೊಡುತ್ತೇವೆ.

ಸುರತ್ಕಲ್_ಸಿಕ್ಸ್‌ಸ್ಟೆಪ್
ಅಯ್ಯೋ ಅಣ್ಣ, ಇದು ಕೇಳಿಯೇ ರೋಮ ಎದ್ದು ನಿಂತಿತು. ಬರುತ್ತೀರಾ?

ಕದ್ರಿ_ಕಾಲು
ಒಂದು ನಿಮಿಷ. ಡ್ಯಾನ್ಸರ್ ನೋಡಿ ಬಾರಿಸಿದರೆ ಅದು ಬ್ಯಾಟಲ್ ಹೇಗಾಗುತ್ತದೆ? ಒಬ್ಬನ ಫ್ರೀಜ್‌ಗೆ ಒಳ್ಳೆ ಪೆಟ್ಟು ಬಿತ್ತು, ಇನ್ನೊಬ್ಬನಿಗೆ ಬೀಳಲಿಲ್ಲ, ಜಗಳ ಗ್ಯಾರಂಟಿ. ಸೋತವನು ಮೊದಲು ತಾಸೆಯವರ ಮೇಲೇ ಬೀಳುತ್ತಾನೆ. ತಾಸೆ ಬೇಡ ಎನ್ನುವುದಿಲ್ಲ. ಫೈನಲ್‌ಗೆ ಬೇಡ. ಫೈನಲ್ ಮುಗಿದ ಮೇಲೆ ಎಲ್ಲರೂ ಸೇರಿ ಸರ್ಕಲ್ ಮಾಡುವಾಗ ಬಾರಿಸಲಿ. ಗೆಲ್ಲುವುದು ಸೋಲುವುದು ಇಲ್ಲದಾಗ ಎರಡೂ ಕಡೆಯಿಂದ ಆಡಬಹುದು.

ಪಿಲಿ_ತಾಸೆ
ಈ ಮಾತು ಸರಿ. ನಮಗೂ ಅದೇ ಖುಷಿ.

ಧಿಗಿಣ
ಕದ್ರಿಯವರು ಇಷ್ಟು ಹೊತ್ತು ಟೈಪ್ ಮಾಡಿದ್ದು ವ್ಯರ್ಥ ಆಗಲಿಲ್ಲ. ಒಪ್ಪಿದೆ.

ರೀಮಿಕ್ಸ್_ರಾಜ
ದೈವದ ಕೋಲದ ವಾದ್ಯ, ಪಾಡ್ದನ (ದೈವದ ಕಥೆಯ ತುಳು ಹಾಡು) ಎಲ್ಲ ಬೀಟ್ ಹಾಕಿ ಮಿಕ್ಸ್ ಮಾಡಿದರೆ? ಈಗ ಎಲ್ಲ ಕಡೆ ಟ್ರೆಂಡ್ ಉಂಟು. ಎಂಟ್ರಿಗೆ ಸೂಪರ್ ಆಗುತ್ತದೆ.

ಪಿಲಿ_ತಾಸೆ
ಬೇಡ. ದೈವದ ವಿಷಯ ಸ್ಟೇಜಿಗೆ ತರಬೇಡಿ.

ಅಜ್ಜರಕಾಡು_ಬಿಗರ್ಲ್
ಬೇಡ.

ರೀಮಿಕ್ಸ್_ರಾಜ
ಹುಲಿವೇಷ ಕೂಡ ಹರಕೆಯದ್ದೇ ಅಲ್ವಾ? ಅದಕ್ಕೆ ಸ್ಟೇಜ್ ಆಗುತ್ತದೆ, ಸ್ಪರ್ಧೆ ಆಗುತ್ತದೆ, ಇದಕ್ಕೆ ಆಗುವುದಿಲ್ಲವಾ? ಕೇಳುವುದಕ್ಕಾಗಿ ಕೇಳಿದ್ದು.

ಪಿಲಿ_ತಾಸೆ
ಹರಕೆ ಹೌದು. ಆದರೆ ಹುಲಿ ಬೀದಿಗೆ ಬರುವುದೇ ಜನರ ಎದುರು ಕುಣಿಯುವುದಕ್ಕೆ. ಅಂಗಡಿ ಮುಂದೆ, ಮನೆ ಅಂಗಳದಲ್ಲಿ, ಸ್ಪರ್ಧೆಯಲ್ಲಿ ಕುಣಿಯುತ್ತದೆ. ಉಡುಪಿಯಲ್ಲಿ ವಿಟ್ಲಪಿಂಡಿಗೆ ರಥಬೀದಿ ತುಂಬಾ ಹುಲಿಗಳೇ. ಕೋಲ ಹಾಗಲ್ಲ. ಅದಕ್ಕೆ ಅದರದ್ದೇ ಜಾಗ, ಸಮಯ, ಕಟ್ಟುಪಾಡು ಉಂಟು. ಅಲ್ಲಿ ವಾದ್ಯ ನುಡಿಸುವವರನ್ನು ಕೇಳಿ ನೋಡಿ, ಅವರೇ ಬೇಡ ಎನ್ನುತ್ತಾರೆ.

ವೇದಿಕೆ_ಕಾವಲು
ಇದರ ಮೇಲೆ ಮುಂದುವರಿಯುವುದು ಬೇಡ. ಉತ್ತರ ಸಿಕ್ಕಿತು.

ಕನ್ಸೋಲ್_ಕಂಕನಾಡಿ
ಸಿಕ್ಸ್‌ಸ್ಟೆಪ್ ಅವರೇ, ನಿಮ್ಮ ಮದುವೆ ಡಿಜೆ ಫ್ರೆಂಡ್‌ಗೆ ಈ ಮಾತುಗಳನ್ನು ಮುಟ್ಟಿಸಿ. ಮದುವೆಯ ಅಭ್ಯಾಸ ಬ್ಯಾಟಲ್‌ನಲ್ಲಿ ಬೇರೆಯೇ ಅನಾಹುತ ಮಾಡುತ್ತದೆ.

ಸೈರನ್ ಬೇಡ. ‘ಮಂಗ್ಳೂರು ಮೇಕ್ ಸಮ್ ನಾಯ್ಸ್’ ಎಂದು ರೌಂಡ್ ನಡುವೆ ಬೊಬ್ಬೆ ಬೇಡ, ಅದಕ್ಕೆ ಬೇರೆ ಎಂಸಿ (ನಿರೂಪಕ) ಇರಲಿ. ಅರ್ಧ ನಿಮಿಷಕ್ಕೊಮ್ಮೆ ಹಾಡು ಬದಲಿಸುವ ಚಾಳಿ ಬಿಡಬೇಕು. ಒಂದು ರೌಂಡ್‌ನಲ್ಲಿ ಇಬ್ಬರಿಗೂ ಒಂದೇ ಟ್ರ್ಯಾಕ್ ಓಡಲಿ. ಮೊದಲು ಇಳಿದವನಿಗೆ ಒಳ್ಳೆ ಬ್ರೇಕ್ ಸಿಕ್ಕಿ, ಎರಡನೆಯವನಿಗೆ ಹಾಡಿನ ಬಾಲ ಸಿಕ್ಕಿದರೆ ಅದು ಡಿಜೆಯ ತಪ್ಪು. ಬ್ರೇಕ್ ಲೂಪ್ ಮಾಡಿ ಇಟ್ಟುಕೊಳ್ಳಲಿ. ಮೊದಲ ಸುತ್ತಿಗೆ ಸ್ವಲ್ಪ ನಿಧಾನದ್ದು, ಫೈನಲ್ ಹತ್ತಿರ ಬಂದ ಹಾಗೆ ವೇಗದ್ದು. ಮೊದಲಿಗೇ 130 ಹಾಕಿದರೆ ಹುಡುಗರು ಸೆಮಿಫೈನಲ್‌ಗೆ ಬರುವಾಗ ಹೆಣದ ಹಾಗೆ ಇರುತ್ತಾರೆ.

ಹಳೆ ಅಪಾಚೆಯಂಥ ಹಾಡುಗಳನ್ನು ಇಡೀ ದಿನ ಹಾಕಬೇಡಿ, ಕೊನೆಗೆ ಒಂದೋ ಎರಡೋ ಇರಲಿ. ಅದು ಬಂದಾಗ ಜನರೇ ಕೂಗುತ್ತಾರೆ. ಉಳಿದದ್ದಕ್ಕೆ ಹೊಸದಾಗಿ ಬ್ರೇಕ್‌ಬೀಟ್ ಮಾಡುವ ಪ್ರೊಡ್ಯೂಸರ್‌ಗಳು ಎಷ್ಟೋ ಜನ ಇದ್ದಾರೆ. ಅವರ ಹತ್ತಿರ ದುಡ್ಡು ಕೊಟ್ಟು ತೆಗೆದರೆ ಇನ್ನೊಂದು ಲಾಭ ಉಂಟು. ವಿಡಿಯೋ ಹಾಕುವಾಗ ಬಳಸಬಹುದಾ ಎಂದು ಅವರನ್ನೇ ಕೇಳಬಹುದು. ಗೊತ್ತಿರುವ ಹಾಡು ಇದ್ದರೆ ಆ್ಯಪ್‌ನವರು ಸೌಂಡ್ ಕಿತ್ತು ಹಾಕುತ್ತಾರೆ, ನಿಮ್ಮ ಫೈನಲ್ ಮೂಕಿ ಸಿನಿಮಾ ಆಗುತ್ತದೆ.

ಮತ್ತೆ ದೇವರಾಣೆ, ಯೂಟ್ಯೂಬ್‌ನಿಂದ ನೇರ ಹಾಕಬೇಡಿ.

ಹಾಸ್ಟೆಲ್_ರೂಮ್‌ಮೇಟ್
ಒಂದು ಕಾಲೇಜ್ ಫೆಸ್ಟ್‌ನಲ್ಲಿ ಒಬ್ಬ ಹ್ಯಾಂಡ್‌ಸ್ಟ್ಯಾಂಡ್‌ನಲ್ಲಿದ್ದಾಗ ಸಾಬೂನಿನ ಜಾಹೀರಾತು ಬಂತು. ಅವನು ತಲೆಕೆಳಗಾಗಿಯೇ ನಿಂತಿದ್ದ, ಸ್ಕಿಪ್ ಒತ್ತುವ ತನಕ. ಇಡೀ ದಿನದಲ್ಲಿ ಜಾಸ್ತಿ ಚಪ್ಪಾಳೆ ಬಿದ್ದದ್ದು ಅವನಿಗೇ.

ಮಲ್ಪೆ_ವಿಂಡ್‌ಮಿಲ್
ಮ್ಯೂಸಿಕಾಲಿಟಿಗೆ ಪೂರ್ತಿ ಮಾರ್ಕ್ ಕೊಡಬೇಕಿತ್ತು 😂

ಪಕ್ಕದ್ಮನೆ_ಅಂಕಲ್
ಎಲ್ಲರೂ ಹಾಡಿನ ಬಗ್ಗೆ ಮಾತಾಡುತ್ತೀರಿ. ಪಕ್ಕದ ಮನೆಯವರ ಬಗ್ಗೆ ಯಾರಾದರೂ ಯೋಚನೆ ಮಾಡಿದ್ದೀರಾ? ನಮ್ಮ ಹತ್ತಿರ ಹುಡುಗರು ಪ್ರಾಕ್ಟೀಸ್ ಮಾಡುತ್ತಾರೆ. ಹಾಡು ಆದರೂ ಸಹಿಸಬಹುದು. ಒಂದೇ ಹತ್ತು ಸೆಕೆಂಡಿನ ಡ್ರಮ್ ಗಂಟೆಗಟ್ಟಲೆ ಹಾಕುತ್ತಾರೆ. ರಾತ್ರಿ ಮಲಗಿದರೂ ತಲೆಯೊಳಗೆ ಓಡುತ್ತಾ ಇರುತ್ತದೆ.

ಕದ್ರಿ_ಕಾಲು
ಅಂಕಲ್, ಅದಕ್ಕೇ ಬ್ರೇಕ್ ಎನ್ನುವುದು.

ಪಕ್ಕದ್ಮನೆ_ಅಂಕಲ್
ನನಗೆ ಬ್ರೇಕ್ ಯಾವಾಗ?

ಅಜ್ಜರಕಾಡು_ಬಿಗರ್ಲ್
ಅಂಕಲ್ ಹೇಳುವುದರಲ್ಲಿ ನ್ಯಾಯ ಉಂಟು. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಹೊರಗೆ ಮೈಕ್, ಧ್ವನಿವರ್ಧಕ ಹಾಕಬಾರದು ಎಂದು ಕಾನೂನೇ ಉಂಟು. ಅದಕ್ಕಿಂತ ಮೊದಲೂ ಅಕ್ಕಪಕ್ಕದವರನ್ನು ಒಮ್ಮೆ ಮಾತಾಡಿಸಿ ಬನ್ನಿ. ನಾವು ಅಷ್ಟಮಿಗೆ ಚಕ್ಕುಲಿ ಕೊಟ್ಟು ಬಂದೆವು, ಆಮೇಲೆ ಕಿರಿಕಿರಿ ಕಡಿಮೆ ಆಯಿತು.

ಇನ್ನೊಂದು, ಪ್ರಾಕ್ಟೀಸ್‌ಗೆ ಇಡೀ ಬೀದಿಗೆ ಕೇಳಬೇಕಾದ ಅಗತ್ಯ ಇಲ್ಲ. ಸಣ್ಣ ಬ್ಲೂಟೂತ್ ಸ್ಪೀಕರನ್ನು ಟೆರೇಸ್ ನಡುವೆ ಇಟ್ಟು ವಾಲ್ಯೂಮ್ ಏರಿಸುವ ಬದಲು ಎರಡು ಗೋಡೆ ಸೇರುವ ಮೂಲೆಗೆ ಇಡಿ. ಬಾಸ್ ಅಲ್ಲೇ ದಪ್ಪ ಆಗುತ್ತದೆ, ಕಡಿಮೆ ವಾಲ್ಯೂಮ್‌ನಲ್ಲೂ ಕಿಕ್ ಕೇಳುತ್ತದೆ. ಸ್ಟೀಲ್ ಟೇಬಲ್ ಮೇಲೆ ಇಡಬೇಡಿ, ಟೇಬಲ್ಲೇ ಬಾರಿಸುತ್ತದೆ.

ಪಕ್ಕದ್ಮನೆ_ಅಂಕಲ್
ಚಕ್ಕುಲಿ ವಿಚಾರ ನಮ್ಮ ಹುಡುಗರಿಗೂ ಯಾರಾದರೂ ಹೇಳಿ.

ಟ್ರ್ಯಾಪ್‌ತಮ್ಮ
ಎಲ್ಲಾ ಓದಿದೆ. ಒಂದು ಪ್ರಶ್ನೆ ಉಳಿಯಿತು. ಡಿಜೆ ನನಗೆ ಆಗದ ಹಾಡು ಹಾಕಿದರೆ ಏನು ಮಾಡುವುದು? ಕೈ ಅಡ್ಡ ಮಾಡಿ ಬದಲಿಸಲು ಹೇಳಬಹುದಾ?

ಕನ್ಸೋಲ್_ಕಂಕನಾಡಿ
ಹೇಳಿ ನೋಡು. ನಾನಾದರೆ ಇನ್ನೂ ಕಷ್ಟದ್ದು ಹಾಕುತ್ತೇನೆ.

ಹಳೇ_ಕ್ಯಾಸೆಟ್
2019ರಲ್ಲಿ ರೆಡ್ ಬುಲ್ ಬಿಸಿ ಒನ್ ಎನ್ನುವ ಬ್ರೇಕಿಂಗ್ ಸ್ಪರ್ಧೆಯ ವಿಶ್ವ ಫೈನಲ್ ನಮ್ಮ ಮುಂಬೈಯಲ್ಲೇ ಆಯಿತು, ನೆದರ್ಲೆಂಡ್ಸ್‌ನ ಮೆನ್ನೋ ಗೆದ್ದ. ಅವನ ವಿಡಿಯೋ ಹುಡುಕಿ ನೋಡು. ಇಳಿಯುವ ಮೊದಲು ಅವನು ಏನು ಮಾಡುತ್ತಾನೆ ಎಂದು ನೋಡು, ಇಳಿದ ಮೇಲೆ ಮಾಡುವುದನ್ನು ಎಲ್ಲರೂ ನೋಡುತ್ತಾರೆ. ಆಗದ ಹಾಡು ಬಂದರೆ ಅದರಲ್ಲಿ ನಿನಗೆ ಆಗುವ ಒಂದು ಸದ್ದು ಹುಡುಕು. ಬಾಸ್ ಇರಲಿ, ಬೋಂಗೋ ಇರಲಿ. ಅದೊಂದನ್ನೇ ಹಿಡಿದುಕೊಂಡು ಟಾಪ್‌ರಾಕ್ ಶುರು ಮಾಡು. ಕೆಳಗೆ ಇಳಿಯಲು ಅವಸರ ಯಾಕೆ, ನೆಲ ಎಲ್ಲಿಗೂ ಓಡಿಹೋಗುವುದಿಲ್ಲ.

ಟ್ರ್ಯಾಪ್‌ತಮ್ಮ
ಸರಿ ಅಣ್ಣ. ಆದರೂ ಒಂದು ರೌಂಡ್ ಟ್ರ್ಯಾಪ್ ಇರಲಿ.

ಕದ್ರಿ_ಕಾಲು
ಒಂದೇ ಒಂದು. ಅದೂ ಮೊದಲ ಸುತ್ತಿಗೆ.

ಸುರತ್ಕಲ್_ಸಿಕ್ಸ್‌ಸ್ಟೆಪ್
ಇಷ್ಟು ಉತ್ತರ ಬರುತ್ತದೆ ಎಂದುಕೊಂಡಿರಲಿಲ್ಲ. ಹಾಡು ಮೊದಲೇ ಹೇಳುವುದಿಲ್ಲ ಎಂದು ಗುಂಪಿನಲ್ಲಿ ಒಪ್ಪಿದ್ದಾರೆ. ಕನ್ಸೋಲ್ ಅವರ ಪಟ್ಟಿ ನಮ್ಮ ಡಿಜೆಗೆ ಕಳುಹಿಸಿದೆ, ‘ಸೈರನ್ ಇಲ್ಲದೆ ಹೇಗೆ’ ಎಂದು ಅವನಿಗೆ ಸ್ವಲ್ಪ ಬೇಜಾರಾಗಿದೆ. ಪಿಲಿ_ತಾಸೆ ಅಣ್ಣನಿಗೆ ಮೆಸೇಜ್ ಮಾಡಿದ್ದೇನೆ, ತಂಡದವರಿಗೆ ಎಷ್ಟು ಕೊಡಬೇಕು ಎಂದು ಹೇಳಿ, ಪುಕ್ಕಟೆ ಕರೆಯುವುದಿಲ್ಲ. ಈಗ ಉಳಿದದ್ದು ನೆಲ. ಹಾಲ್‌ನದ್ದು ಹೊಳೆಯುವ ಟೈಲ್ಸ್, ಬೆವರು ಬಿದ್ದರೆ ಜಾರುತ್ತದೆ. ವಿನೈಲ್ ಶೀಟ್ ಬಾಡಿಗೆಗೆ ಎಲ್ಲಾದರೂ ಸಿಗುತ್ತದಾ?

ಬೆಜೈ_ಬಾಸ್
ನಮ್ಮ ಹತ್ತಿರ ಒಂದು ಉಂಟು, ಬಾಡಿಗೆ ಬೇಡ. ಒಂದು ಮೂಲೆ ಸ್ವಲ್ಪ ಹರಿದಿದೆ, ಟೇಪ್ ಹಾಕಿದರೆ ಆಗುತ್ತದೆ. ಪಿಕಪ್ ನೀವೇ ತರಬೇಕು.

ಮಲ್ಪೆ_ವಿಂಡ್‌ಮಿಲ್
ಪಿಕಪ್ ನಾನು ತರುತ್ತೇನೆ. ಮೀನಿನ ವಾಸನೆ ಬರುತ್ತದೆ, ಮೊದಲೇ ಹೇಳಿದ್ದೇನೆ.